ಕ್ರೀಮಿನ ಗುಲಾಬಿಗೆ ಮಜೂರಿ

ಮನೆಯಲ್ಲಿ ಕೇಕ್ ಮಾಡಿ ಮಾರುವವರಿಗೆ ಬರುವ ಫೋನಿನ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಕೇಜಿಗೆ ಎಷ್ಟು?’ ಯಾವ ರುಚಿ, ಮೊಟ್ಟೆ ಹಾಕ್ತೀರಾ, ಎಷ್ಟು ಜನಕ್ಕಾಗುತ್ತೆ ಎನ್ನುವುದೆಲ್ಲ ಆಮೇಲೆ. ರೇಟು ಕೇಳಿದ ಎರಡೇ ನಿಮಿಷಕ್ಕೆ ವಾಟ್ಸ್ಆ್ಯಪಿನಲ್ಲಿ ಒಂದು ಚಿತ್ರ ಬಂದು ಬೀಳುತ್ತದೆ. ಎರಡು ಅಂತಸ್ತಿನ ಕೇಕು, ತುದಿಯಲ್ಲಿ ಕೂತ ಆನೆಮರಿ, ಅದರ ಸೊಂಡಿಲಲ್ಲಿ ಬಲೂನು, ಸುತ್ತ ಮೋಡ, ಕೆಳಗೆ ಚಿನ್ನದ ಅಕ್ಷರದಲ್ಲಿ ಮಗುವಿನ ಹೆಸರು. ಜೊತೆಗೆ ಒಂದು ಸಾಲು: ‘ಇದೇ ಥರ ಬೇಕು, ಅರ್ಧ ಕೇಜಿ ಸಾಕು.’

ಆ ಪ್ರಶ್ನೆಗೂ ಈ ಸಾಲಿಗೂ ನಡುವೆ ಒಂದು ಹಳ್ಳವಿದೆ. ಕೇಕ್ ಅಲಂಕಾರದ ಎಷ್ಟೋ ಮನೆ ಉದ್ಯಮಗಳು ಮುಗ್ಗರಿಸುವುದು ಅಲ್ಲೇ ಎಂದು ನನಗನ್ನಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಹೊರಗಿನ ತಿಂಡಿ ಮುಟ್ಟಲು ಜನ ಹೆದರುತ್ತಿದ್ದಾಗ ಅಪಾರ್ಟ್‌ಮೆಂಟಿಗೊಬ್ಬರು, ಬೀದಿಗೊಬ್ಬರು ಕೇಕ್ ಮಾಡಲು ನಿಂತರು. ಓಟಿಜಿ ಓವನ್ನು ಬಂತು, ಟರ್ನ್‌ಟೇಬಲ್ ಬಂತು, ಇನ್‌ಸ್ಟಾಗ್ರಾಂ ಪುಟಕ್ಕೊಂದು ಚೆಂದದ ಹೆಸರೂ ಬಂತು. ಅವರಲ್ಲಿ ಹಲವರು ಈಗ ಕೇಕ್ ಮಾಡುತ್ತಿಲ್ಲ. ಕೇಳಿದರೆ ‘ಪೈಪೋಟಿ ಜಾಸ್ತಿ’ ಎನ್ನುತ್ತಾರೆ, ‘ಟೈಮ್ ಸಾಲಲ್ಲ’ ಎನ್ನುತ್ತಾರೆ. ಆದರೆ ಅವರಲ್ಲಿ ಬಹಳ ಮಂದಿಯ ಕೈ ಚೆನ್ನಾಗಿತ್ತು, ಗಿರಾಕಿಗಳೂ ಇದ್ದರು. ಇಲ್ಲದೇ ಇದ್ದದ್ದು ಲೆಕ್ಕ ಒಂದೇ.

ಕೇಜಿ ಲೆಕ್ಕ ಎಲ್ಲಿಂದ ಬಂತೆಂಬುದು ನಮ್ಮ ಊರುಗಳ ಬೇಕರಿ ನೋಡಿದರೆ ತಿಳಿಯುತ್ತದೆ. ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬವೊಂದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬೇಕರಿ ತೆರೆಯಿತು. ಮುಂದೆ ಆ ಹೆಸರಿನ ಬೇಕರಿ ಇಲ್ಲದ ಬಡಾವಣೆಯೇ ಇಲ್ಲವೆಂಬಂತಾಯಿತು. ಮೊಟ್ಟೆ ಮುಟ್ಟದ ಮನೆಗಳಿಗೂ ಕೇಕಿನ ರುಚಿ ಹತ್ತಿಸಿದವರು ಇವರೇ. ಅಲ್ಲಿ ದೊಡ್ಡ ಟ್ರೇಯಲ್ಲಿ ಬೆಂದ ಹನಿ ಕೇಕಿಗೆ ಮೇಲೊಂದಿಷ್ಟು ಜಾಮು ಸವರಿ, ಕೊಬ್ಬರಿ ತುರಿ ಉದುರಿಸಿ, ಚೌಕ ಚೌಕ ಕತ್ತರಿಸಿ ಕೊಡುತ್ತಾರೆ. ಅದಕ್ಕೆ ಪೀಸಿನ ಲೆಕ್ಕ, ಕೇಜಿ ಲೆಕ್ಕ ಎರಡೂ ನ್ಯಾಯವೇ, ಏಕೆಂದರೆ ಒಂದು ಟ್ರೇಗೆ ಬಿದ್ದಷ್ಟೇ ಶ್ರಮ ಇನ್ನೊಂದಕ್ಕೂ ಬೀಳುತ್ತದೆ. ತೂಕ ಹೆಚ್ಚಿದರೆ ಸಾಮಾನು ಹೆಚ್ಚು, ಅಷ್ಟೇ.

ಕೇಕ್ ಅಲಂಕಾರಕ್ಕೆ ಬೇರೆಯದೇ ಒಂದು ಪರಂಪರೆಯಿದೆ, ಅದೂ ಬೆಂಗಳೂರಿನಲ್ಲಿ ಬೆಳೆದದ್ದೇ. ನೀಲಗಿರೀಸ್ ಮಳಿಗೆಯವರು 1970ರ ದಶಕದಲ್ಲಿ ಶುರು ಮಾಡಿದ ವಾರ್ಷಿಕ ಕೇಕ್ ಪ್ರದರ್ಶನ ಈಗಲೂ ಕ್ರಿಸ್‌ಮಸ್ ಹೊತ್ತಿಗೆ ನಡೆಯುತ್ತದೆ. 2024ರ ಡಿಸೆಂಬರಿನಲ್ಲಿ ಅದರ 50ನೇ ಆವೃತ್ತಿಯಾಯಿತು. ಜನ ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ತಿನ್ನಲು ಸಿಗದ ಸಕ್ಕರೆಯ ಗೋಪುರಗಳನ್ನೂ ಪ್ರಾಣಿಗಳನ್ನೂ ನೋಡಿ ಬರುತ್ತಾರೆ. ಅಲ್ಲಿ ಯಾರೂ ‘ಕೇಜಿಗೆ ಎಷ್ಟು’ ಎಂದು ಕೇಳುವುದಿಲ್ಲ. ಪುಣೆಯ ಪ್ರಾಚಿ ಧಬಲ್ ದೇಬ್ ಅವರು ಮೊಟ್ಟೆಯಿಲ್ಲದ ರಾಯಲ್ ಐಸಿಂಗಿನಲ್ಲಿ ಲೇಸು ನೇಯ್ದಂತೆ ಅರಮನೆ, ಚರ್ಚುಗಳನ್ನು ಕಟ್ಟಿ ಜಗತ್ತಿನ ಕಣ್ಣು ಸೆಳೆದರು. ಮೊಟ್ಟೆಯ ಬಿಳಿಭಾಗದಿಂದ ಗಟ್ಟಿಯಾಗುವ ಐಸಿಂಗನ್ನು ಅದಿಲ್ಲದೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ಪೈಪಿಂಗ್ ಬ್ಯಾಗು ಹಿಡಿದವರಿಗೆ ಗೊತ್ತು. ಅಂಥ ಕೆಲಸವನ್ನು ತಕ್ಕಡಿಯಲ್ಲಿಡುವುದು ಹೇಗೆ?

ಚಿನ್ನದಂಗಡಿಯಲ್ಲಿ ನಾವು ಹೀಗೆ ಮಾಡುವುದಿಲ್ಲ. ಗ್ರಾಮಿನ ದರ ಒಂದು ಸಾಲಿನಲ್ಲಿ, ಮಜೂರಿ ಇನ್ನೊಂದು ಸಾಲಿನಲ್ಲಿ ಬರೆದ ಬಿಲ್ಲನ್ನು ತುಟಿ ಪಿಟಕ್ಕೆನ್ನದೆ ಕಟ್ಟುತ್ತೇವೆ. ಜುಮುಕಿಯ ಕುಸುರಿ ಹೆಚ್ಚಿದ್ದರೆ ಮಜೂರಿಯೂ ಹೆಚ್ಚೆಂದು ಅಜ್ಜಿಯರ ಕಾಲದಿಂದ ಒಪ್ಪಿದ್ದೇವೆ. ಕೇಕ್ ಅಲಂಕಾರದ ವ್ಯಾಪಾರ ಶುರು ಮಾಡುವವರು ಮೊದಲ ದಿನದಿಂದಲೇ ಬಿಲ್ಲಿನಲ್ಲಿ ಹೀಗೆ ಎರಡು ಸಾಲು ಬರೆಯಬೇಕು: ಕೇಕಿನ ತೂಕಕ್ಕೆ ಇಷ್ಟು, ಕೈಕೆಲಸಕ್ಕೆ ಇಷ್ಟು. ನೊಜಲ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು.

ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಊಹೆಯವು, ನಿಮ್ಮೂರಿನ ದರ ಹಾಕಿಕೊಳ್ಳಿ. ಆ ಆನೆಮರಿಯ ಅರ್ಧ ಕೇಜಿ ಕೇಕಿಗೆ ಮೈದಾ, ಸಕ್ಕರೆ, ಬೆಣ್ಣೆ, ಕೋಕೊ, ಕ್ರೀಮು, ಬೊಂಬೆಗೆ ಬೇಕಾದ ಸಕ್ಕರೆ ಹಿಟ್ಟಿನಂಥ ಫಾಂಡೆಂಟು ಸೇರಿ 300 ರೂಪಾಯಿ. ಬೋರ್ಡು, ಡಬ್ಬ, ರಿಬ್ಬನ್ನು, ಮೇಣದಬತ್ತಿಗೆ 80. ಕರೆಂಟಿಗೆ 20. ಒಟ್ಟು 400. ಏರಿಯಾದ ರೇಟು ಕೇಜಿಗೆ ಸಾವಿರ. ಅರ್ಧ ಕೇಜಿಗೆ 500, ಆನೆಗೆಂದು ಸಂಕೋಚದಿಂದ ಸೇರಿಸಿದ್ದು 200. ಕೈಗೆ ಉಳಿದದ್ದು 300 ರೂಪಾಯಿ. ಇನ್ನು ಸಮಯ ಎಣಿಸಿ. ಆನೆಗೆ ಎರಡು ಗಂಟೆ. ಸ್ಪಂಜು ಬೇಯಿಸಿ, ಆರಿಸಿ, ಪದರ ಕತ್ತರಿಸಲು ಒಂದು. ಕ್ರೀಮು ಹಚ್ಚಿ ನಯ ಮಾಡಿ ಜೋಡಿಸಲು ಎರಡು. ಪಾತ್ರೆ ತೊಳೆದು, ‘ಆ ನೀಲಿ ಬೇಡ, ಇನ್ನೂ ತಿಳಿ ನೀಲಿ’ ಎಂಬ ಮೆಸೇಜುಗಳಿಗೆ ಉತ್ತರಿಸಲು ಮತ್ತೊಂದು. ಆರು ಗಂಟೆಗೆ 300 ಎಂದರೆ ಗಂಟೆಗೆ 50. ಅದೇ ಎರಡು ಕೇಜಿಯ ಸಾದಾ ಚಾಕೊಲೇಟ್ ಕೇಕಿಗೆ ಸಾಮಾನು, ಡಬ್ಬ ಎಲ್ಲ ಸೇರಿ 900 ಖರ್ಚಾಗಿ 2000 ಬಂದರೆ ಉಳಿಯುವುದು 1100, ಹಿಡಿಯುವುದು ಮೂರು ಗಂಟೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಆ ಭಾರವನ್ನು ಹೊರುವವಳು ಅಲಂಕಾರ ಮಾಡುವವಳು. ಅಂದ ಹೆಚ್ಚಿದಷ್ಟೂ ಅವಳ ದಿನಗೂಲಿ ಇಳಿಯುತ್ತದೆ.

‘ಅವಳು’ ಎಂದದ್ದು ಬೇಕೆಂದೇ. ಈ ಕೆಲಸಕ್ಕಿಳಿದವರಲ್ಲಿ ಹೆಂಗಸರೇ ಹೆಚ್ಚು, ಅದರಲ್ಲೂ ಮನೆ, ಮಕ್ಕಳ ನಡುವೆ ಸಿಕ್ಕ ಹೊತ್ತನ್ನು ಬಳಸುವವರು. ಅಡುಗೆಮನೆಯ ಸಮಯಕ್ಕೆ ಬೆಲೆಯಿಲ್ಲವೆಂಬ ಹಳೇ ಅಭ್ಯಾಸ ಇಲ್ಲೂ ಬೆನ್ನು ಬಿಡುವುದಿಲ್ಲ. ‘ಮನೇಲೇ ಮಾಡೋದಲ್ವಾ, ಅಷ್ಟೊಂದು ಯಾಕೆ?’ ಎಂದು ಕೇಳುವವರು ಹೊರಗಿನವರಲ್ಲ, ಒಡಹುಟ್ಟಿದವರು, ಓರಗಿತ್ತಿಯರು, ಪಕ್ಕದ ಮನೆಯವರು. ಅವರಿಗೆ ಉಡುಗೊರೆಯಾಗಿ ಕೇಕು ಕೊಡಿ, ತಪ್ಪಿಲ್ಲ. ಅರ್ಧ ಬೆಲೆಗೆ ಮಾತ್ರ ಮಾರಬೇಡಿ. ಅರ್ಧ ಬೆಲೆಯ ಸುದ್ದಿ ಬಡಾವಣೆಯ ಗ್ರೂಪಿನಲ್ಲಿ ಹರಡುವ ವೇಗದಲ್ಲಿ ಪೂರ್ತಿ ಬೆಲೆಯ ಸುದ್ದಿ ಹರಡುವುದಿಲ್ಲ.

ಮಜೂರಿ ಕೇಳುವ ಮೊದಲು ಮಜೂರಿಗೆ ತಕ್ಕ ಕೈ ಬೇಕು, ಸರಿಯೇ. ನಮ್ಮ ಹವೆಯಲ್ಲಿ ಆ ಕೈ ಪಳಗುವುದು ಸುಲಭವಲ್ಲ. ರೀಲುಗಳಲ್ಲಿ ಕಾಣುವ ಬೆಣ್ಣೆಯ ಗುಲಾಬಿ ತಂಪು ದೇಶದ್ದು. ಕಲಬುರಗಿಯ ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಅದೇ ಗುಲಾಬಿ ಡಬ್ಬದೊಳಗೆ ಸಾರಾಗುತ್ತದೆ. ಇಲ್ಲಿಯ ಬೇಕರಿಗಳೆಲ್ಲ ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮಿಗೆ ಜೋತುಬಿದ್ದಿರುವುದು ಬೆಲೆಗಾಗಿ ಮಾತ್ರವಲ್ಲ, ಅದು ಹಾಲಿನ ಕ್ರೀಮಿಗಿಂತ ಸೆಕೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, 25 ಶೇಕಡಾ ಕೊಬ್ಬಿನ ಫ್ರೆಶ್ ಕ್ರೀಮನ್ನು ಎಷ್ಟು ಹೊತ್ತು ಕಡೆದರೂ ಅದು ಗಟ್ಟಿಯಾಗಿ ನಿಲ್ಲದು. ಅದಕ್ಕೆ 30 ಶೇಕಡಾಕ್ಕಿಂತ ಹೆಚ್ಚಿನ ಕೊಬ್ಬು ಬೇಕು. ಮಂಗಳೂರಿನ ಕಷ್ಟ ಬೇರೆ. ಅಲ್ಲಿ ಮಳೆಗಾಲದ ತೇವ ಫಾಂಡೆಂಟಿನ ವೈರಿ. ಸಕ್ಕರೆಯ ಹಾಳೆ ಗಾಳಿಯ ನೀರನ್ನು ಹೀರಿ ಬೆವರುತ್ತದೆ, ಅಂಟುತ್ತದೆ, ಆನೆಯ ಸೊಂಡಿಲು ಜೋತು ಬೀಳುತ್ತದೆ. ಬೊಂಬೆಗಳನ್ನು ಬಿಗಿತ ಕೊಡುವ ಸಿಎಂಸಿ ಪುಡಿ ಬೆರೆಸಿ ಎರಡು ಮೂರು ದಿನ ಮೊದಲೇ ಮಾಡಿ ಒಣಗಿಸಿಡಬೇಕು. ಫಾಂಡೆಂಟ್ ಹೊದಿಸಿದ ಕೇಕನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಅದರ ಮೈಮೇಲೆ ನೀರ ಹನಿ ಕೂರುತ್ತದೆಂದು ಗೊತ್ತಿರಬೇಕು. ಗಿರಾಕಿ ಕೊಡುವ ಮಜೂರಿ ಈ ತಿಳಿವಳಿಕೆಗೂ ಸೇರಿದ್ದು.

ಆದ್ದರಿಂದ ಸಾಮಾನಿನ ಖರೀದಿಯಲ್ಲಿ ಕೈ ಹಿಡಿತದಲ್ಲಿರಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ನೂರು ನೊಜಲಿನ ಡಬ್ಬ ತಂದಿಟ್ಟುಕೊಳ್ಳುವವರಿದ್ದಾರೆ. ಒಂದು ಟರ್ನ್‌ಟೇಬಲ್, ಒಂದು ಬಾಗಿದ ಪ್ಯಾಲೆಟ್ ನೈಫ್, ಒಂದು ಸ್ಕ್ರೇಪರ್, ನಾಲ್ಕಾರು ನೊಜಲು, ನಂಬಿಕೆಯ ತಕ್ಕಡಿ, ಓವನ್ನಿನೊಳಗಿಡುವ ಥರ್ಮಾಮೀಟರ್ ಇದ್ದರೆ ಶುರು ಮಾಡಬಹುದು. ಓವನ್ನಿನ ಗುಂಡಿ ಹೇಳುವ ಶಾಖವೂ ಒಳಗಿನ ಶಾಖವೂ ಒಂದೇ ಇರುವುದು ಅಪರೂಪ. ಉಳಿದದ್ದು ಗಳಿಕೆಯಿಂದಲೇ ಬರಲಿ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಹೊರಡಿಸಿದ ವರದಿ ಹಲವರಿಗೆ ನೆನಪಿರಬಹುದು. ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 223 ಸುರಕ್ಷಿತವಾಗಿದ್ದವು, 12ರಲ್ಲಿ ಕೃತಕ ಬಣ್ಣ ಮಿತಿಮೀರಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರು ಆಗ ಪತ್ರಿಕೆಗಳಲ್ಲಿ ಬಂತು. ಒಂದು ವಾರ ಜನ ಕೇಕು ಕಂಡರೆ ಹಿಂಜರಿದರು, ಆಮೇಲೆ ಮರೆತರು. ಮಾಡುವವರು ಮರೆಯುವಂತಿಲ್ಲ. ಅನುಮತಿಯಿರುವ ಬಣ್ಣಕ್ಕೂ ಮಿತಿ ಕೇಜಿಗೆ 100 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತ ಕಡಿಮೆ. ಬಿಳಿ ಕ್ರೀಮಿಗೆ ಗಾಢ ಕೆಂಪು, ಕಪ್ಪು ತರಿಸಲು ಹೊರಟರೆ ಬಾಟಲಿ ಬಗ್ಗಿಸುತ್ತಲೇ ಇರಬೇಕಾಗುತ್ತದೆ. ಮೂಲದ ರೆಡ್ ವೆಲ್ವೆಟ್ ಇಷ್ಟು ಕೆಂಪಗಿರಲೇ ಇಲ್ಲ. ಕೋಕೊದೊಳಗಿನ ವರ್ಣದ್ರವ್ಯ ಮಜ್ಜಿಗೆಯ ಹುಳಿಗೆ ತಿರುಗಿ ಕೊಡುತ್ತಿದ್ದ ಕಂದುಗೆಂಪು ಅದು. ಕಪ್ಪು ಬೇಕಿದ್ದರೆ ಬಿಳಿ ಕ್ರೀಮಿನಿಂದ ಹೊರಡದೆ ಚಾಕೊಲೇಟ್ ಕ್ರೀಮಿನಿಂದ ಹೊರಡಿ, ಅರ್ಧ ದಾರಿ ಅದೇ ಕ್ರಮಿಸಿರುತ್ತದೆ. ಬಣ್ಣ ಕಲಸಿದ ಕ್ರೀಮನ್ನು ಕೆಲವು ಗಂಟೆ ಬಿಟ್ಟರೆ ತಾನಾಗಿ ಗಾಢವಾಗುತ್ತದೆ. ಆಗಲೂ ಗಿರಾಕಿ ‘ಇನ್ನೂ ಕೆಂಪು’ ಎಂದರೆ, ‘ಆಗಲ್ಲ’ ಎನ್ನುವ ಧೈರ್ಯ ಬೇಕು.

ಮಿರುಗುವ ಪುಡಿಯದು ಇನ್ನೂ ಗಂಭೀರ. ಅಮೆರಿಕದ ರೋಡ್ ಐಲೆಂಡಿನಲ್ಲಿ 2018ರಲ್ಲಿ ಹುಟ್ಟುಹಬ್ಬದ ಕೇಕು ತಿಂದ ಆರು ಮಕ್ಕಳು ವಾಂತಿ ಮಾಡಿಕೊಂಡರು. ಮೇಲೆ ದಪ್ಪಗೆ ಬಳಿದಿದ್ದ ರೋಸ್ ಗೋಲ್ಡ್ ಪುಡಿಯಲ್ಲಿದ್ದದ್ದು ತಾಮ್ರ. ಮರುವರ್ಷ ಮಿಸೌರಿಯಲ್ಲಿ ಕೇಕಿನ ಹೂವಿಗೆ ಹಚ್ಚಿದ ಹಳದಿ ಪುಡಿಯಿಂದ ಮಗುವಿನ ರಕ್ತಕ್ಕೆ ಸೀಸ ಸೇರಿತ್ತು. ಅಲ್ಲಿಯ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಈ ಎರಡನ್ನೂ ವಿವರವಾಗಿ ವರದಿ ಮಾಡಿತು. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಿದ್ದರೆ ತಿನ್ನಬಹುದೆಂದು ಅರ್ಥವಲ್ಲ. ‘ಎಡಿಬಲ್’ ಎಂದು ಬರೆದು, ಒಳಗೇನಿದೆ ಎಂಬ ಪಟ್ಟಿಯನ್ನೂ ಕೊಟ್ಟಿರಬೇಕು. ಸಗಟು ಪೇಟೆಯ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಈ ಎರಡೂ ಇಲ್ಲದವು ಸಿಗುತ್ತವೆ, ಅವನ್ನು ಅಲ್ಲೇ ಬಿಟ್ಟು ಬನ್ನಿ. ನಿಜವಾದ ಹೂವಿನ ಫ್ಯಾಷನ್ನೂ ಹಾಗೆಯೇ. ಹೂದಾನಿಗೆಂದು ಬೆಳೆದ ಗುಲಾಬಿಗೆ ಎಷ್ಟು ಔಷಧ ಹೊಡೆದಿದ್ದಾರೋ ಯಾರಿಗೆ ಗೊತ್ತು? ಕೇಕಿನ ಮೇಲೆಲ್ಲ ಚುಚ್ಚುವ ಬೇಬೀಸ್ ಬ್ರೆತ್ ತಿನ್ನುವ ಹೂವಲ್ಲ, ಕಣಗಿಲೆ ವಿಷವೇ ಸರಿ.

ಎಗ್‌ಲೆಸ್ ಎಂಬ ಮಾತಿನಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ಎಗ್‌ಲೆಸ್ ಕೇಳುವವರಿಗೆ ಬೇಕಿರುವುದು ಸಸ್ಯಾಹಾರಿ ಕೇಕು. ಮೊಟ್ಟೆ ಬಿಟ್ಟು, ಮಾರ್ಷ್‌ಮ್ಯಾಲೊದಿಂದ ಮಾಡಿದ ಫಾಂಡೆಂಟ್ ಹೊದಿಸಿದರೆ ಅದರಲ್ಲಿರುವ ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬಂದದ್ದಾಗಿರುತ್ತದೆ. ಕೊಳ್ಳುವವರಿಗೆ ಇದು ಹೊಳೆಯುವುದಿಲ್ಲ, ಮಾರುವವರು ತಾವಾಗಿಯೇ ಹೇಳಬೇಕು. ಜೆಲಟಿನ್ ಇಲ್ಲದ ಫಾಂಡೆಂಟು ಪೇಟೆಯಲ್ಲಿ ಸಿಗುತ್ತದೆ, ಲೇಬಲ್ ಓದುವ ವ್ಯವಧಾನವಿದ್ದರಾಯಿತು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರಿದರೂ ಎಫ್ಎಸ್ಎಸ್ಎಐ ನೋಂದಣಿ ಬೇಕು. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಸಣ್ಣ ವಹಿವಾಟಿಗೆ ಪೂರ್ಣ ಲೈಸೆನ್ಸಿನ ಬದಲು ಸರಳ ನೋಂದಣಿ ಸಾಕೆಂದಿತು, ಶುಲ್ಕವನ್ನು ವರ್ಷಕ್ಕೆ 100 ರೂಪಾಯಿ ಇಟ್ಟಿತು. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಆ ಸಂಸ್ಥೆಯದೇ ಫಾಸ್ಕಾಸ್ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಡಬ್ಬದ ಮೇಲೆ ಅಚ್ಚು ಹಾಕಿಸಿ. ಕೇಕಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಶೇಕಡಾದಿಂದ 5ಕ್ಕೆ ಇಳಿದಿದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಗೊಡವೆ ಇಲ್ಲ. ಹಾಗೆಂದು ಲೆಕ್ಕ ಇಡದೇ ಇರಬಾರದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಕ್ಯಾಶ್ ಮಾತ್ರ’ ಎಂಬ ಚೀಟಿ ತೂಗಿದ್ದು ನೆನಪಿರಲಿ. ಕೇಕಿನ ದುಡ್ಡು, ತಂಗಿ ಕಳಿಸಿದ ಸಾಲದ ದುಡ್ಡು, ಚೀಟಿ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ನಾಳೆ ಬೇರ್ಪಡಿಸುವವರು ಯಾರು? ಬೇರೆ ಖಾತೆ, ಒಂದು ನೋಟ್‌ಬುಕ್ಕು, ಇಷ್ಟಿದ್ದರೆ ಸಾಕು.

ಕಲಿಯಲು ದುಬಾರಿ ಅಕಾಡೆಮಿಗಳೇ ಬೇಕೆಂದೇನಿಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ, ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ. ಇವು ಹಿಟ್ಟು, ಹುದುಗು, ಶಾಖದ ಶಾಸ್ತ್ರವನ್ನು ತಳಪಾಯದಿಂದ ಕಲಿಸುವ ಜಾಗಗಳು. ಅಲಂಕಾರದ ಬೆರಳು ಪಳಗಲು ಮನೆಯ ತಟ್ಟೆಯ ಮೇಲೆ ನುಣ್ಣಗೆ ಹಿಸುಕಿದ ಆಲೂಗಡ್ಡೆಯನ್ನೋ ಡಾಲ್ಡಾವನ್ನೋ ಪೈಪಿಂಗ್ ಮಾಡಿ, ಕೆರೆದು, ಮತ್ತೆ ಮಾಡಿದರಾದೀತು. ಮುಂದೆ ದೊಡ್ಡ ಓವನ್ನು, ಡೀಪ್ ಫ್ರೀಜರು ಬೇಕಾದಾಗ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್ಎಂಇ ಯೋಜನೆಯಂಥವು ನೆನಪಿರಲಿ. ಕಿರು ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ 35 ಶೇಕಡಾ ಸಹಾಯಧನ, ಗರಿಷ್ಠ 10 ಲಕ್ಷ ಎಂದು ಅದು ಹೊರಟಿತು. ಕರ್ನಾಟಕದಲ್ಲಿ ಅದನ್ನು ರಾಜ್ಯ ಸರ್ಕಾರದ ಕೆಪೆಕ್ ಸಂಸ್ಥೆ ನೋಡಿಕೊಂಡಿತು, ರಾಜ್ಯ ತನ್ನ ಪಾಲನ್ನೂ ಸೇರಿಸಿತು. ಆದರೆ ಗಂಟೆಗೆ 50 ರೂಪಾಯಿ ದುಡಿಯುವ ವ್ಯಾಪಾರಕ್ಕೆ ಸಾಲ ತಂದು ಸುರಿದರೆ ಗಂಟೆಗೆ 50 ರೂಪಾಯಿಯ ದೊಡ್ಡ ವ್ಯಾಪಾರವಾಗುತ್ತದೆ. ಮಜೂರಿಯ ಸಾಲು ಮೊದಲು, ಫ್ರೀಜರು ಆಮೇಲೆ.

ಇನ್ನು ಕೊಳ್ಳುವ ನಮಗೆಲ್ಲ ಒಂದು ಮಾತು. ಚಿತ್ರ ಕಳಿಸುವಾಗ ‘ಇದೇ ಥರ’ ಎನ್ನುವ ಬದಲು ನಿಮ್ಮ ಕೈಯಲ್ಲಿ ಎಷ್ಟಿದೆ ಎಂದು ಹೇಳಿ, ಅಷ್ಟರಲ್ಲಿ ಅವರು ಏನು ಮಾಡಬಲ್ಲರೋ ಮಾಡಲಿ. ಬೊಂಬೆ ಬೇಕಿದ್ದರೆ ನಾಲ್ಕು ದಿನ ಮೊದಲೇ ತಿಳಿಸಿ. ಡಬ್ಬದ ಮೇಲೆ ನೋಂದಣಿ ಸಂಖ್ಯೆ ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ, ಕೆಂಪು ಕಡಿಮೆಯಿದ್ದರೆ ಮಾತ್ರ ಜಗಳ ತೆಗೆಯಬೇಡಿ. ಮತ್ತೆ, ಆರ್ಡರು ಕೊಟ್ಟ ದಿನವೇ ಅರ್ಧ ಹಣ ಮುಂಗಡ ಕೊಡಿ. ಹೆಸರು ಬರೆದ ಕೇಕನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ.